ಬೆಕ್ಕು ತಾನಾಗಿ ಬಳಿ ಬರಬೇಕು

ಸ್ನೇಹಿತರೇ, ನಮಸ್ಕಾರ.

ಬೆಕ್ಕಿಗೆ ಮನೆಯ ಮೇಲೆ ಮೋಹ, ಮನೆಯವರ ಮೇಲಲ್ಲ ಎಂಬ ದೂರು ಹಳೆಯದು. ಅದರಲ್ಲಿ ಅರ್ಧ ನಿಜವಿದೆ. ಇರುವ ಜಾಗ ತನಗೆ ಸುರಕ್ಷಿತ ಅನ್ನಿಸಿದ ಮೇಲೆಯೇ ಬೆಕ್ಕು ಮನುಷ್ಯರತ್ತ ತಿರುಗುವುದು. ಆದ್ದರಿಂದ ಒಡನಾಟದ ಮಾತನ್ನು ಮುದ್ದಾಟದಿಂದಲ್ಲ, ಲಿಟರ್ ಟ್ರೇಯಿಂದ, ಅಂದರೆ ಬೆಕ್ಕಿನ ಮಲಮೂತ್ರಕ್ಕೆಂದು ಮರಳಿನಂಥ ಲಿಟರ್ ಹಾಕಿಡುವ ತಟ್ಟೆಯಿಂದ, ಶುರು ಮಾಡುತ್ತೇನೆ. ಮನೆಯವರಿಗೂ ಬೆಕ್ಕಿಗೂ ಮನಸ್ತಾಪ ಬರುವುದು ಹೆಚ್ಚಾಗಿ ಅಲ್ಲಿಂದಲೇ.

ಟ್ರೇಗಳ ಲೆಕ್ಕ ಹೀಗೆ: ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ಹೆಚ್ಚು. ಒಂದು ಬೆಕ್ಕಿಗೆ ಎರಡು, ಎರಡಕ್ಕೆ ಮೂರು. ಎಲ್ಲವನ್ನೂ ಒಂದೇ ಮೂಲೆಯಲ್ಲಿ ಸಾಲಾಗಿಟ್ಟರೆ ಬೆಕ್ಕಿನ ಪಾಲಿಗೆ ಅದು ಒಂದೇ ಜಾಗ. ಬೇರೆ ಬೇರೆ ಕಡೆ ಇಡಿ. ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕಿನ ಉದ್ದ ಎಷ್ಟಿದೆಯೋ ಟ್ರೇ ಅದರ ಒಂದೂವರೆ ಪಟ್ಟು ಇರಬೇಕು. ಮಾರಾಟಕ್ಕೆ ಸಿಗುವ ಬಹುಪಾಲು ಟ್ರೇಗಳು ಇದಕ್ಕಿಂತ ಚಿಕ್ಕವು. ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿಕೊಂಡರೆ ಅದೇ ಮೇಲು. ಒಳಗೆ ಪರಿಮಳವಿಲ್ಲದ, ಸಣ್ಣ ಕಾಳಿನ ಲಿಟರ್ 5ರಿಂದ 7 ಸೆಂಟಿಮೀಟರ್ ಆಳಕ್ಕೆ ಹಾಕಿ, ದಿನಕ್ಕೊಮ್ಮೆಯಾದರೂ ಗಲೀಜು ತೆಗೆಯಿರಿ. ಪರಿಮಳ ನಮ್ಮ ಮೂಗಿನ ಸುಖಕ್ಕೆ, ಬೆಕ್ಕಿನ ಮೂಗಿಗೆ ಅದು ಹಿಂಸೆ. ಊಟದ ಬಟ್ಟಲಿನ ಹತ್ತಿರ ಅಥವಾ ಗಡಗಡ ಸದ್ದು ಮಾಡುವ ವಾಷಿಂಗ್ ಮೆಷಿನ್ ಪಕ್ಕ ಟ್ರೇ ಇಟ್ಟರೆ ಬೆಕ್ಕು ಅದನ್ನು ಬಿಟ್ಟು ಬೇರೆ ಮೂಲೆ ಹುಡುಕುತ್ತದೆ.

ಹಾಸಿಗೆಯ ಮೇಲೆ ಉಚ್ಚೆ ಹೊಯ್ದರೆ “ಸೇಡು ತೀರಿಸಿಕೊಂಡಿತು” ಅನ್ನುತ್ತೇವೆ. ಅದು ಸೇಡಲ್ಲ. ಟ್ರೇ ಹಿಡಿಸಿಲ್ಲ, ಭಯವಾಗಿದೆ, ಇಲ್ಲವೇ ನೋವಿದೆ. ಬೈದರೆ ಭಯ ಹೆಚ್ಚಿ ಅದೇ ತಪ್ಪು ಮರುಕಳಿಸುತ್ತದೆ. ಒದ್ದೆಯಾದ ಜಾಗವನ್ನು ಅಮೋನಿಯಾ ಇರುವ ದ್ರಾವಣದಿಂದ ಒರೆಸಬೇಡಿ, ಅದರ ವಾಸನೆ ಮೂತ್ರದ್ದರಂತೆಯೇ ಇರುತ್ತದೆ. ಕಿಣ್ವಗಳಿರುವ ಕ್ಲೀನರ್ ಬಳಸಿ. ಇನ್ನು ಗಂಡುಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕಿ, ಒಂದೆರಡು ಹನಿಯೂ ಹೊರಬರದಿದ್ದರೆ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು.

ಈಗ ಮುದ್ದಿನ ವಿಷಯ. ನಾವಾಗಿ ಹೋಗಿ ಎತ್ತಿಕೊಂಡಾಗ ಬೆಕ್ಕು ಬೇಗ ಜಾರಿಕೊಳ್ಳುತ್ತದೆ, ತಾನಾಗಿ ಬಂದಾಗ ಹೆಚ್ಚು ಹೊತ್ತು ಇರುತ್ತದೆ. ಇದನ್ನು ಸಂಶೋಧಕರೂ ಗುರುತಿಸಿದ್ದಾರೆ. ಹಾಗಾಗಿ ಮೊದಲು ಬೆರಳು ಚಾಚಿ ಸುಮ್ಮನಿರಿ. ಮೂಸಿ ನೋಡಿ ಕೆನ್ನೆ ಉಜ್ಜಿದರೆ ಒಪ್ಪಿಗೆ. ಕೆನ್ನೆ, ಗದ್ದದ ಕೆಳಗೆ, ಕಿವಿಯ ಬುಡ, ಇಷ್ಟೇ ಸಾಕು. ಎರಡು ಮೂರು ಸಲ ಸವರಿ ಕೈ ಹಿಂದೆಗೆಯಿರಿ. ಇನ್ನೂ ಬೇಕಿದ್ದರೆ ಅದೇ ತಲೆ ಒತ್ತುತ್ತದೆ. ಹೊಟ್ಟೆ ಮೇಲೆ ಮಾಡಿ ಮಲಗಿದ್ದು ನಂಬಿಕೆಯ ಗುರುತು, ಹೊಟ್ಟೆ ಮುಟ್ಟಲು ಕರೆದದ್ದಲ್ಲ. “ಇದ್ದಕ್ಕಿದ್ದಂತೆ ಕಚ್ಚಿತು” ಎನ್ನುವವರು ನೋಡದೆ ಬಿಟ್ಟಿರುವುದು ಬಾಲದ ತುದಿಯ ಮಿಡಿತ, ಬೆನ್ನಿನ ಚರ್ಮದ ಅದುರು, ಪಕ್ಕಕ್ಕೆ ತಿರುಗಿದ ಕಿವಿ. ಗುರುಗುಟ್ಟುತ್ತಿದೆ ಎಂದ ಮಾತ್ರಕ್ಕೆ ಸುಖವಾಗಿದೆ ಎಂದೂ ಅಲ್ಲ. ನೋವಿನಲ್ಲಿರುವ ಬೆಕ್ಕೂ ಗುರುಗುಟ್ಟುತ್ತದೆ. ದೂರದಿಂದಲೇ ಮಾತಾಡಿಸಬೇಕೆಂದರೆ ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆಯಿರಿ. ಹೀಗೆ ಮಾಡಿದವರಿಗೆ ಬೆಕ್ಕುಗಳೂ ಕಣ್ಣು ಕಿರಿದಾಗಿಸಿ ಉತ್ತರಿಸುತ್ತವೆ, ಅವರತ್ತ ಬರುವ ಸಂಭವವೂ ಹೆಚ್ಚು ಎಂದು 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದರು.

ಮಕ್ಕಳಿಗೆ ಹೇಳಿಕೊಡಬೇಕಾದದ್ದೂ ಇದೇ: ನೆಲದ ಮೇಲೆ ಕೂತುಕೊ, ಬೆಕ್ಕು ಬಂದರೆ ಮುಟ್ಟು, ಹೊರಟರೆ ಬಿಡು. ತೀರಾ ಚಿಕ್ಕವರನ್ನು ಬೆಕ್ಕಿನ ಜೊತೆ ಒಂಟಿಯಾಗಿ ಬಿಡಬೇಡಿ. ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಬೆಕ್ಕಿಗೊಂದು ಹಲಗೆ ಇದ್ದರೆ ಅರ್ಧ ಜಗಳ ತಪ್ಪುತ್ತದೆ. ಮರಿ ತರುವ ಮನೆಯವರಿಗೆ ಒಂದು ಮಾತು: ಮರಿ ಮನುಷ್ಯರಿಗೆ ಸುಲಭವಾಗಿ ಒಗ್ಗುವ ಕಾಲ ಎರಡರಿಂದ ಏಳು ವಾರ. ಆಗ ಕೈಯಲ್ಲಿ ಆಡಿದ್ದಿರಬೇಕು. ಆದರೆ ತಾಯಿಯಿಂದ ಎಂಟು ವಾರಕ್ಕೆ ಮೊದಲು ಬಿಡಿಸಬಾರದು, ಹನ್ನೆರಡಾದರೆ ಇನ್ನೂ ಒಳ್ಳೆಯದು. ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದಾದ್ದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆಯ ದಿನವನ್ನು ಪಶುವೈದ್ಯರ ಹತ್ತಿರ ಮೊದಲೇ ಗೊತ್ತುಮಾಡಿಕೊಳ್ಳಿ.

ರಾತ್ರಿ ಕೂಗುವ, ಕಾಲು ಕಚ್ಚುವ ಬೆಕ್ಕಿಗೆ ಬೇಕಿರುವುದು ಹೆಚ್ಚಾಗಿ ಬೇಟೆಯಂಥ ಆಟ. ಕೋಲಿನ ತುದಿಗೆ ಗರಿ ಕಟ್ಟಿ ಸಂಜೆ ಹತ್ತು ಹದಿನೈದು ನಿಮಿಷ ಓಡಾಡಿಸಿ, ಕೊನೆಗೊಮ್ಮೆ ಹಿಡಿಯಲು ಬಿಟ್ಟು, ತಕ್ಷಣ ಊಟ ಕೊಡಿ. ತಿಂದು, ಮೈ ನೆಕ್ಕಿ, ಮಲಗುತ್ತದೆ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಿ. ನುಂಗಿದ ದಾರ ಕರುಳನ್ನು ಮುದುಡಿಸಿ ಸೀಳಬಹುದು.

ಊಟದಲ್ಲಿ ರಾಜಿಯಿಲ್ಲ. ಬೆಕ್ಕು ಮಾಂಸ ತಿಂದೇ ಬದುಕುವ ಪ್ರಾಣಿ. ಟೌರಿನ್ ಎಂಬ ಅಂಶ ಆಹಾರದಲ್ಲಿ ಸಾಲದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ನಾಯಿಯ ಆಹಾರ ಹಾಕಿ ಸಾಕಿದರೆ ಆಗುವ ಅನಾಹುತಗಳಲ್ಲಿ ಇದೂ ಒಂದು. ಹಾಲು ಬೆಳೆದ ಬಹಳಷ್ಟು ಬೆಕ್ಕುಗಳಿಗೆ ಅರಗದೆ ಭೇದಿಯಾಗುತ್ತದೆ.

ಮನೆಯವರ ಆರೋಗ್ಯದ ಬಗ್ಗೆ ಭಯವೇ ಹೆಚ್ಚು, ತಿಳಿವಳಿಕೆ ಕಡಿಮೆ. ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಬೆಕ್ಕಿನ ಮಲದಲ್ಲಿ ಹೊರಬಿದ್ದರೂ ಸೋಂಕು ತಗಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ಟ್ರೇಯ ಗಲೀಜು ತೆಗೆದರೆ, ಆ ಕೆಲಸವನ್ನು ಗರ್ಭಿಣಿಯ ಬದಲು ಬೇರೆಯವರು ಮಾಡಿದರೆ, ಬೆಕ್ಕನ್ನು ಮನೆಯಿಂದ ಓಡಿಸಬೇಕಿಲ್ಲ. ಸರಿಯಾಗಿ ಬೇಯದ ಮಾಂಸ, ತೊಳೆಯದ ತರಕಾರಿಯಿಂದಲೂ ಇದು ಬರುತ್ತದೆ ಎಂಬುದನ್ನು ಮರೆಯುತ್ತೇವೆ. ಕಚ್ಚಿದ ಗಾಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಸೂಜಿಯಂಥ ಹಲ್ಲು ಸೋಂಕನ್ನು ಆಳಕ್ಕೆ ಇಳಿಸುತ್ತದೆ. ಹದಿನೈದು ನಿಮಿಷ ಸೋಪು, ಹರಿಯುವ ನೀರು, ಆಮೇಲೆ ವೈದ್ಯರು.

ಬೆಕ್ಕಿಗೆ ನಮ್ಮಿಂದ ಆಗುವ ಅಪಾಯಗಳೂ ಇವೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್, ನಾಯಿಗಳ ಮೈಯ ಉಣ್ಣೆಹುಳಕ್ಕೆ ಹಚ್ಚುವ ಪರ್ಮೆತ್ರಿನ್ ಎಂಬ ಔಷಧಿ ಬೆಕ್ಕನ್ನು ಕೊಲ್ಲಬಲ್ಲವು. ಹೂದಾನಿಯಲ್ಲಿಟ್ಟ ಲಿಲ್ಲಿಯ ಪರಾಗ ಮೈಗೆ ಅಂಟಿ, ಅದನ್ನು ನೆಕ್ಕಿಕೊಂಡರೂ ಮೂತ್ರಪಿಂಡ ಸೋಲಬಹುದು. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಿ. ಉಪವಾಸ ಮುಂದುವರಿದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಮಂಚದಡಿ ನುಗ್ಗಿದ ಬೆಕ್ಕನ್ನು ಎಳೆಯುವ ಪಾಡು ಬೇಡವೆಂದರೆ, ಸಾಗಿಸುವ ಪೆಟ್ಟಿಗೆಯನ್ನು ಅಟ್ಟದ ಮೇಲಿಡದೆ, ಬಾಗಿಲು ತೆರೆದು, ಒಳಗೆ ಅದು ಮಲಗುವ ಬಟ್ಟೆ ಹಾಸಿ, ವರ್ಷವಿಡೀ ಮನೆಯೊಳಗೇ ಇಡಿ. ಆಗಾಗ ಊಟವನ್ನೂ ಅದರೊಳಗೇ ಹಾಕಿ.