'ಘರ್' ಅಂದ ಮಗುವಿಗೆ 'ಮನೆ' ಕಲಿಸುವ ಮೊದಲು

ಗುರುಗಳಿಗೂ ಅಂಗನವಾಡಿ ಅಕ್ಕಂದಿರಿಗೂ ಶರಣು.

ಲಿಂಗಸುಗೂರು ಸೀಮೆಯ ತಾಂಡಾಗಳಲ್ಲಿ, ಅಂದರೆ ಲಂಬಾಣಿಗರ ಹಟ್ಟಿಗಳಲ್ಲಿ, ಮೂವತ್ತು ವರ್ಷ ಪಾಟಿ ಹಿಡಿಸಿದವನು ನಾನು. ಮೊದಲ ವರ್ಷದ ನನ್ನ ತಪ್ಪಿನಿಂದಲೇ ಶುರುಮಾಡುತ್ತೇನೆ. ಒಬ್ಬ ಹುಡುಗನಿಗೆ ತುಂಬಿದ ಕೊಡದ ಚಿತ್ರ ತೋರಿಸಿ "ಇದರಾಗ ಏನೈತಿ?" ಅಂದೆ. "ಪಾಣಿ" ಅಂದ. "ಪಾಣಿ ಅಲ್ಲೋ, ನೀರು ಅನ್ನು" ಅಂದೆ. ಮರುದಿನ ಅದೇ ಚಿತ್ರ ತೋರಿಸಿದರೆ ಸುಮ್ಮನೆ ನಿಂತ. ವಾರಗಟ್ಟಲೆ ಹಾಗೇ ನಿಂತ. ದಡ್ಡ ಅಂತ ಮನಸ್ಸಿನಲ್ಲೇ ಬರೆದುಕೊಂಡೆ. ಒಂದು ಸಂಜೆ ನೋಡುತ್ತೇನೆ, ತಾಂಡಾದ ನಳದ ಮುಂದೆ ಅದೇ ಹುಡುಗ ದೊಡ್ಡವರ ಕೊಡಗಳಿಗೆ ಪಾಳಿ ಹಚ್ಚುತ್ತಿದ್ದಾನೆ, ಜಗಳ ಬಿಡಿಸುತ್ತಿದ್ದಾನೆ. ಮಾತೆಲ್ಲ ಅವನ ಗೋರ್ ಬೋಲಿಯಲ್ಲಿ, ಅಂದರೆ ಲಂಬಾಣಿ ನುಡಿಯಲ್ಲಿ. ಬಾಯಿ ಇದ್ದ ಹುಡುಗನನ್ನು ಮೂಕ ಮಾಡಿದವನು ನಾನೇ.

ಚಿಕ್ಕ ತರಗತಿಗಳಿಗೆ ಆಟದ ಮೂಲಕ ಕಲಿಸುವ ನಮ್ಮ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಅ ಆ ಇ ಈ ಬಿಟ್ಟು ರ ಗ ಸ ದ ಅ ಇಂದ ಹೊರಡುತ್ತದೆ. ಐದೇ ಅಕ್ಷರ ಬಂದರೆ ಸರ, ಅರಸ, ಗರಗಸ ಓದಬಹುದು. ಜಾಣ ಲೆಕ್ಕ, ಒಪ್ಪುತ್ತೇನೆ. ಆದರೆ ಆ ಲೆಕ್ಕ ಕೂಡಿ ಬರುವುದು ಕನ್ನಡ ಕೇಳುತ್ತಲೇ ತೊಟ್ಟಿಲು ಇಳಿದ ಮಗುವಿಗೆ. 'ಸರ' ಅಂತ ಓದಿದರೆ ಅಜ್ಜಿಯ ಕೊರಳು ಕಣ್ಣ ಮುಂದೆ ಬರಬೇಕು; ತಾಂಡಾದ ಮಗುವಿಗೆ ಅದು ಬರೀ ಸದ್ದು. ಮನೆಗೆ ಆ ಮಗು ಅನ್ನುವುದು 'ಘರ್'. ಘ ಮಹಾಪ್ರಾಣ, ನಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನ ಅಕ್ಷರ. ಹಾಗಾಗಿ ತನ್ನ ಮನೆಯ ಹೆಸರು ಬರೆಯಲು ಮಗು ತಿಂಗಳುಗಟ್ಟಲೆ ಕಾಯಬೇಕು. (ನಮ್ಮಲ್ಲಿ ಎಷ್ಟು ಮಾಸ್ತರರಿಗೆ ಘ ನೆಟ್ಟಗೆ ನುಡಿಯಲು ಬರುತ್ತದೆ ಅನ್ನುವುದು ಬೇರೆ ಮಾತು. ಆ ಅಕ್ಷರಕ್ಕೆ ಮಕ್ಕಳೇ ನಮಗೆ ಗುರು.)

ನ್ಯೂಜಿಲೆಂಡಿನಲ್ಲಿ ಸಿಲ್ವಿಯಾ ಆಶ್ಟನ್-ವಾರ್ನರ್ ಎಂಬ ಶಿಕ್ಷಕಿ ಇದ್ದರು. ಕಳೆದ ಶತಮಾನದ ನಡುಭಾಗದಲ್ಲಿ ಮಾವೋರಿ ಬುಡಕಟ್ಟಿನ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಇಂಗ್ಲೆಂಡಿನ ಮಕ್ಕಳ ಬದುಕು ತುಂಬಿದ ಪುಸ್ತಕ ಪಕ್ಕಕ್ಕಿಟ್ಟು, "ಇವತ್ತು ನಿನಗೆ ಯಾವ ಮಾತು ಬೇಕು?" ಅಂತ ಒಂದೊಂದೇ ಮಗುವನ್ನು ಕೇಳಿ ಆ ಮಾತನ್ನು ರಟ್ಟಿನ ಮೇಲೆ ಬರೆದು ಕೊಡುತ್ತಿದ್ದರು. ಮರುದಿನ ಮಗುವಿಗೆ ಗುರುತು ಹತ್ತದ ರಟ್ಟನ್ನು ಎಸೆದೇ ಬಿಡುತ್ತಿದ್ದರು. ಉಳಿದವು ಅಂಜಿಕೆಯ ಮಾತು, ಪ್ರೀತಿಯ ಮಾತು: ದೆವ್ವ, ಅವ್ವ, ಮುತ್ತು. ಆ ಮಾತುಗಳಿಂದಲೇ ಕೈಯಾರೆ ಪುಸ್ತಕ ಕಟ್ಟಿದರು.

ನಮ್ಮಲ್ಲಿ ಕಾನೂನಿನ ಆಸರೆ ಇಲ್ಲ ಅಂತಲ್ಲ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಪಾಠದ ಸೌಲಭ್ಯ ಇರಬೇಕು ಅನ್ನುವ 350ಎ ವಿಧಿ 1956ರಲ್ಲೇ ಸಂವಿಧಾನಕ್ಕೆ ಸೇರಿತು. ಆದರೆ 2011ರ ಜನಗಣತಿ ಲಂಬಾಣಿ ನುಡಿಯನ್ನು ಹಿಂದಿಯ ಕೆಳಗೆ ಸೇರಿಸಿ ಎಣಿಸಿದೆ. ತನಗೆ ಹಿಂದಿ ಬರುತ್ತದೆ ಅಂತ ನಮ್ಮ ತಾಂಡಾದ ಅಜ್ಜಿಗೆ ಇನ್ನೂ ಗೊತ್ತಿಲ್ಲ! ಇನ್ನೊಂದು ಗಂಟೂ ಇದೆ. ಗಡಿಯಾಚೆ ತೆಲಂಗಾಣದಲ್ಲಿ ಇವರ ಬೀಗರು ಪರಿಶಿಷ್ಟ ಪಂಗಡ, ಈಚೆ ಇವರು ಪರಿಶಿಷ್ಟ ಜಾತಿ. 'ಬುಡಕಟ್ಟು ಮಕ್ಕಳ ಪುಸ್ತಕ' ಅಂತ ಯೋಜನೆ ಬಂದರೆ ಇವರ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ತಾಂಡಾದ ಪುಸ್ತಕ ಅಂದಕೂಡಲೇ ಚಿತ್ರಕಾರರು ಕನ್ನಡಿ ಹೊಲಿದ ಫೇಟಿಯಾ (ಲಂಗ), ಕಾಂಚಳಿ (ರವಿಕೆ), ಕುಣಿತ ಬರೆಯುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ (ಜಿಐ) ಗುರುತು ಸಿಕ್ಕಿದೆ, ಹೆಮ್ಮೆಯೇ. ಆದರೆ ಈಗಿನ ಮಗುವಿನ ಯಾಡಿ, ಅಂದರೆ ತಾಯಿ, ಸೀರೆ ಉಡುತ್ತಾಳೆ, ಫೇಟಿಯಾ ಅಜ್ಜಿಯದು. ಹೊದಿಕೆಯ ಮೇಲೆ ಕನ್ನಡಿ ಹೊಳೆಸಿ ಒಳಗೆ ಯಾರದೋ ಮಾತು ತುಂಬಿದರೆ ಅದು ಗಣರಾಜ್ಯೋತ್ಸವದ ಸ್ತಬ್ಧಚಿತ್ರ. ಈ ಮಕ್ಕಳ ಬದುಕಿನಲ್ಲಿ ಕೂಲಿಗಾಗಿ ಊರು ಬಿಡುವ ಗುಳೆ ಇದೆ, ಬೆಂಗಳೂರಿನ ಕಟ್ಟಡದ ಮರಳುಗುಡ್ಡೆ ಇದೆ, ಅಪ್ಪನ ಫೋನಿಗೆ ರೀಚಾರ್ಜ್ ಮುಗಿದ ದಿನ ಇದೆ. ಪುಸ್ತಕದಲ್ಲಿ ಅದೆಲ್ಲ ಎಲ್ಲಿ?

ನಾವು ಮಾಡಿದ್ದು ಸಣ್ಣ ಕೆಲಸ. ಒಂದು ಹಾಳೆ ಮಡಚಿದರೆ ಎಂಟು ಪುಟ. ಮಕ್ಕಳು ಹೇಳಿದ್ದನ್ನು ಕನ್ನಡ ಲಿಪಿಯಲ್ಲೇ ಮೇಲೆ ಲಂಬಾಣಿ, ಕೆಳಗೆ ಕನ್ನಡ ಮಾಡಿ ಬರೆದು ಜೆರಾಕ್ಸ್ ಹೊಡೆಸಿದೆವು. ಒಂದು ಹುಡುಗಿ ಹೇಳಿದ ಕಥೆ ಗುಳೆಯದು: ರಾತ್ರಿ ಬಸ್ಸು, ತಲೆ ಮೇಲೆ ಗಂಟು, ಅಜ್ಜಿಯ ಹತ್ತಿರ ಬಿಟ್ಟುಹೋದ ಕೋಳಿ. ಚಿತ್ರವನ್ನೂ ಅವಳೇ ಬರೆದಳು, ಕೋಳಿಗೆ ಕಪ್ಪು ಬಣ್ಣ ಹಚ್ಚಿದಳು.

ಪುಸ್ತಕ ಮನೆಗೆ ಒಯ್ದು ಅಜ್ಜಿಗೆ ಓದಿ ಹೇಳಿದ್ದಾಳೆ. ಅಕ್ಷರ ಬಾರದ ಅಜ್ಜಿ ಐದನೇ ಪುಟದಲ್ಲಿ ತಡೆದಿದ್ದಾಳೆ, ಆ ಕೋಳಿ ಕೆಂಪು ಇತ್ತು ಅಂತ. ಮರುದಿನ ಹುಡುಗಿ ನನ್ನ ಮೇಜಿನ ಮೇಲಿದ್ದ ಕೆಂಪು ಪೆನ್ನು ಕೇಳದೆಯೇ ಎತ್ತಿಕೊಂಡಳು.