ವಯಸ್ಸಾದ ಕುದುರೆ ಎಷ್ಟು ಭಾರ ಹೊರಬಲ್ಲದು?

ಕೇಳುಗರೆಲ್ಲರಿಗೂ ನಮಸ್ಕಾರ.

ಕುದುರೆ ಸವಾರಿ ಕಲಿಯಲು ಬರುವವರು ಮೊದಲು ಕೇಳುವುದು ಎರಡೇ ಮಾತು. ಇದು ಒದೆಯುತ್ತಾ? ಕಚ್ಚುತ್ತಾ? "ನನ್ನ ತೂಕ ಇದಕ್ಕೆ ಜಾಸ್ತಿ ಆಗುತ್ತಾ?" ಅಂತ ಕೇಳುವವರು ಅಪರೂಪ. ಸವಾರಿ ಕಲಿಸುವುದೇ ನನ್ನ ಕೆಲಸ. ನನ್ನನ್ನು ಕೇಳಿದರೆ ಮೊದಲ ಪ್ರಶ್ನೆ ಅದೇ ಆಗಬೇಕು. ಕುದುರೆಗೆ 15 ವರ್ಷ ದಾಟಿದ್ದರಂತೂ ಕೇಳಲೇಬೇಕು. ಇವತ್ತು ಅದರ ಬಗ್ಗೆಯೇ ನಾಲ್ಕು ಮಾತು.

ಬೆಂಗಳೂರು, ಮೈಸೂರಿನ ಸುತ್ತಮುತ್ತಲಿನ ಸವಾರಿ ಶಾಲೆಗಳಲ್ಲಿ ಇರುವ ಕುದುರೆಗಳಲ್ಲಿ ಎಷ್ಟೋ ರೇಸಿನಿಂದ ಬಂದವು. ಥರೋಬ್ರೆಡ್ ಜಾತಿಯವು. ಎರಡು ವರ್ಷ ತುಂಬುತ್ತಿದ್ದಂತೆ ಓಡಲು ಇಳಿದವು. ಆಗ ಅವುಗಳ ಬೆನ್ನ ಮೇಲೆ ಇದ್ದದ್ದು ಜಾಕಿ, ಜೀನು ಸೇರಿ 50ರಿಂದ 60 ಕೆಜಿ ಆಸುಪಾಸು. ಓಟ ಒಂದೂವರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಜಾಕಿ ಜೀನಿನ ಮೇಲೆ ಕೂರುವುದೂ ಇಲ್ಲ, ರಿಕಾಪಿನ ಮೇಲೆ ಕಾಲೂರಿ ಎದ್ದೇ ಇರುತ್ತಾನೆ. ಅದೇ ಕುದುರೆ ಈಗ 18 ವರ್ಷದ್ದು. ಅದರ ಮೇಲೆ 85 ಕೆಜಿಯ ಹೊಸಬರೊಬ್ಬರು ಮುಕ್ಕಾಲು ಗಂಟೆ ಕೂರುತ್ತಾರೆ. ಕುದುರೆ ಸುಮ್ಮನೆ ನಡೆಯುತ್ತದೆ. ನಡೆಯುತ್ತಿದೆ ಅಂದಮೇಲೆ ಅದಕ್ಕೆ ಕಷ್ಟ ಇಲ್ಲ ಅಂದುಕೊಳ್ಳುತ್ತೇವೆ. ತಪ್ಪಾಗುವುದು ಇಲ್ಲೇ. ಕುದುರೆ ಬೇಟೆಗೆ ಸಿಗುವ ಪ್ರಾಣಿ. ಕಾಡಿನಲ್ಲಿ ನೋವು ತೋರಿಸಿಕೊಂಡ ಕುದುರೆಯೇ ಮೊದಲು ಬಲಿಯಾಗುತ್ತಿತ್ತು. ಹಾಗಾಗಿ ನೋವನ್ನು ಒಳಗೇ ಇಟ್ಟುಕೊಳ್ಳುವುದು ಅದರ ಸ್ವಭಾವ. ಪಳಗಿದ, ಒಳ್ಳೆ ಗುಣದ ಮುದಿ ಕುದುರೆ ಇನ್ನೂ ಜಾಸ್ತಿ ಸಹಿಸಿಕೊಳ್ಳುತ್ತದೆ. ಅದು ಸಾಕು ಅನ್ನುವುದಿಲ್ಲ. ನಾವೇ ಅನ್ನಬೇಕು.

ಕುದುರೆ ಜನರ ನಡುವೆ ಒಂದು ಲೆಕ್ಕ ಓಡಾಡುತ್ತದೆ. ಕುದುರೆಯ ತೂಕದ 20 ಪರ್ಸೆಂಟ್‌ವರೆಗೆ ಹೇರಬಹುದು ಅಂತ. ಅಮೆರಿಕದ ಅಶ್ವದಳದವರು ಪಾಲಿಸುತ್ತಿದ್ದ ಹಳೆಯ ಲೆಕ್ಕ ಅದು. ಅಲ್ಲಿನ ಓಹಿಯೋ ರಾಜ್ಯದ ವಿಶ್ವವಿದ್ಯಾಲಯದವರು ಅದನ್ನು ಪರೀಕ್ಷೆ ಮಾಡಿ ನೋಡಿ 2008ರಲ್ಲಿ ಪ್ರಕಟಿಸಿದರು. ಎಂಟು ಕುದುರೆಗಳಿಗೆ ಅವುಗಳ ತೂಕದ 15, 20, 25, 30 ಪರ್ಸೆಂಟ್ ಭಾರ ಹೊರಿಸಿ ಓಡಾಡಿಸಿದರು. ಎದೆಬಡಿತ, ಉಸಿರು, ಮೈಶಾಖ, ಸ್ನಾಯುಗಳ ನೋವು ಎಲ್ಲವನ್ನೂ ಅಳೆದರು. 15, 20ರಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. 25, 30ಕ್ಕೆ ಬಂದಾಗ ಸ್ನಾಯು ಬಿಗಿಯಾಯಿತು, ಎದೆಬಡಿತ ಏರಿತು. ಅವರು ಇನ್ನೊಂದು ವಿಷಯವನ್ನೂ ಕಂಡರು. ಸೊಂಟದ ಭಾಗ ಅಗಲವಾಗಿರುವ, ಮುಂಗಾಲಿನ ಮೂಳೆ ದಪ್ಪಗಿರುವ ಕುದುರೆಗಳಿಗೆ ನೋವು ಕಡಿಮೆ. ಅಂದರೆ ಎರಡು ಕುದುರೆಗಳು ಒಂದೇ ತೂಕ ಇದ್ದರೂ ಹೊರುವ ಶಕ್ತಿ ಒಂದೇ ಅಲ್ಲ.

ಹತ್ತು ವರ್ಷದ ನಂತರ, 2018ರಲ್ಲಿ, ಇಂಗ್ಲೆಂಡಿನಿಂದ ಇನ್ನೊಂದು ವರದಿ ಬಂತು. ಪಶುವೈದ್ಯೆ ಸೂ ಡೈಸನ್ ಮತ್ತು ಜೊತೆಗಾರರು ಆರು ಕುದುರೆಗಳ ಮೇಲೆ ಬೇರೆ ಬೇರೆ ತೂಕದ ನಾಲ್ಕು ಸವಾರರನ್ನು ಕೂರಿಸಿ ನೋಡಿದರು. ನಾಲ್ವರೂ ಸವಾರಿ ಬಲ್ಲವರೇ. ಆದರೂ ಭಾರದ ಸವಾರ ಮತ್ತು ತುಂಬಾ ಭಾರದ ಸವಾರ, ಈ ಇಬ್ಬರ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೆಚ್ಚಿನ ಸಲ ಕಾರಣ ಒಂದೇ, ಕುದುರೆ ಕುಂಟಲು ಶುರು ಮಾಡಿತು. ಇವರಲ್ಲಿ ಭಾರದ ಸವಾರನ ತೂಕ ಕುದುರೆಯ ತೂಕದ 15ರಿಂದ 18 ಪರ್ಸೆಂಟ್ ಒಳಗೇ ಇತ್ತು. ಚಿಕ್ಕ ಪರೀಕ್ಷೆ, ನಿಜ. ಎಲ್ಲ ಸವಾರರಿಗೂ ಒಂದೇ ಜೀನು ಹೊಂದುವುದಿಲ್ಲ ಅನ್ನುವುದೂ ನಿಜ. ಆದರೆ ಅದನ್ನು ಓದಿದ ಮೇಲೆ ನನಗೆ 20 ಅನ್ನುವುದು ದಾಟಬಾರದ ಗೆರೆಯಾಗಿ ಉಳಿಯಿತೇ ಹೊರತು, ಮುಟ್ಟಬೇಕಾದ ಗುರಿಯಾಗಿ ಉಳಿಯಲಿಲ್ಲ. ಅದೂ ಗಟ್ಟಿಮುಟ್ಟಾದ, ನಡುವಯಸ್ಸಿನ ಕುದುರೆಗೆ.

ಕುದುರೆಯ ತೂಕ ತಿಳಿಯುವುದು ಹೇಗೆ? ದೊಡ್ಡ ತೂಕದ ಯಂತ್ರ ಎಲ್ಲರ ಹತ್ತಿರ ಇರುವುದಿಲ್ಲ. ಟೈಲರ್ ಬಳಸುವ ಟೇಪು ಎರಡು ಇದ್ದರೆ ಸಾಕು, ಜೋಡಿಸಿಕೊಂಡು ಅಳೆಯಬಹುದು. ಮುಂಗಾಲಿನ ಹಿಂದೆ, ಎದೆಯ ಸುತ್ತಳತೆ ತೆಗೆದುಕೊಳ್ಳಿ. ಕುದುರೆ ಉಸಿರು ಬಿಟ್ಟಾಗ ನೋಡಿ. ಆಮೇಲೆ ಮುಂದಿನ ಭುಜದ ತುದಿಯಿಂದ ಹಿಂದೆ ಪೃಷ್ಠದ ತುದಿಯವರೆಗಿನ ಉದ್ದ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 180, ಉದ್ದ 160 ಇದ್ದರೆ ಸುಮಾರು 436 ಕೆಜಿ ಬರುತ್ತದೆ. ಅದರ 20 ಪರ್ಸೆಂಟ್ ಅಂದರೆ 87 ಕೆಜಿ. ಜೀನು, ಅದರಡಿಯ ಬಟ್ಟೆ, ಹೊಟ್ಟೆಪಟ್ಟಿ ಸೇರಿ ಹತ್ತಿರ ಹತ್ತಿರ 10 ಕೆಜಿ ಹೋಯಿತು. ಹೆಲ್ಮೆಟ್ಟು, ಬೂಟು, ಬಟ್ಟೆಗೆ ಇನ್ನು ಮೂರು. ಸವಾರನಿಗೆ ಉಳಿದದ್ದು 74. ಈ ಜೀನಿನ ತೂಕವನ್ನು ಬಿಟ್ಟು ಲೆಕ್ಕ ಹಾಕುವವರೇ ಜಾಸ್ತಿ.

ಇಲ್ಲಿ ಇನ್ನೊಂದು ಮೋಸ ಇದೆ. ಕುದುರೆಗೆ ಬೊಜ್ಜು ಬಂದರೆ ಅದರ ತೂಕ ಏರುತ್ತದೆ. ಲೆಕ್ಕದ ಪ್ರಕಾರ ಅದು ಹೊರಬಹುದಾದ ಭಾರವೂ ಏರಿದಂತೆ ಕಾಣುತ್ತದೆ! ಆದರೆ ಕೊಬ್ಬು ಭಾರ ಹೊರುವುದಿಲ್ಲ, ಕೊಬ್ಬೂ ಒಂದು ಭಾರವೇ. ಪಕ್ಕೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಲೀಸಾಗಿ ಸಿಗಬೇಕು. ಒತ್ತಿ ಹುಡುಕಬೇಕಾದರೆ ಕುದುರೆ ಇರಬೇಕಾದ್ದಕ್ಕಿಂತ ದಪ್ಪ ಇದೆ. ಆಗ ಇರುವ ತೂಕದ ಮೇಲೆ ಬೇಡ, ಇರಬೇಕಾದ ತೂಕದ ಮೇಲೆ ಲೆಕ್ಕ ಹಾಕಿ.

ಇನ್ನು ವಯಸ್ಸಿನ ವಿಷಯ. ಕುದುರೆ ವಯಸ್ಸಾದಂತೆ ಎಲ್ಲಿ ಸೋಲುತ್ತದೆ? ಮುಖ್ಯವಾಗಿ ಬೆನ್ನಿನಲ್ಲಿ ಮತ್ತು ಕಾಲಿನಲ್ಲಿ. ಬೆನ್ನನ್ನು ಓದಲು ಕಲಿತರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೊದಲು ಪಕ್ಕದಲ್ಲಿ ಸ್ವಲ್ಪ ದೂರ ನಿಂತು ನೋಡಿ. ಬೆನ್ನು ನಡುವೆ ತಗ್ಗಿದೆಯಾ? ವಯಸ್ಸಾದ ಕುದುರೆಗಳಲ್ಲಿ, ಅದರಲ್ಲೂ ತುಂಬಾ ಮರಿ ಹಾಕಿದ ಹೆಣ್ಣು ಕುದುರೆಗಳಲ್ಲಿ, ಬೆನ್ನು ಹೀಗೆ ಜೋತು ಬೀಳುವುದುಂಟು. ಆಮೇಲೆ ಒಂದು ಸ್ಟೂಲಿನ ಮೇಲೆ, ಕುದುರೆಗೆ ಗೊತ್ತಾಗುವ ಹಾಗೆ ಮಾತಾಡಿಸಿಕೊಂಡು, ಹಿಂದಿನಿಂದ ಸ್ವಲ್ಪ ಪಕ್ಕಕ್ಕೆ ನಿಂತು ಬೆನ್ನಿನ ಉದ್ದಕ್ಕೂ ನೋಡಿ. ಬೆನ್ನುಮೂಳೆಯ ಎರಡೂ ಕಡೆ ಸ್ನಾಯು ತುಂಬಿಕೊಂಡು ದುಂಡಗಿದ್ದರೆ ಒಳ್ಳೆಯದು. ಎರಡೂ ಕಡೆ ಇಳಿಜಾರಾಗಿ, ಮೂಳೆ ಮಾತ್ರ ಎದ್ದು ನಿಂತಿದ್ದರೆ ಸ್ನಾಯು ಕರಗಿದೆ ಅಂತ. ಹೆಗಲ ಹತ್ತಿರ ಕೂದಲು ಬೆಳ್ಳಗಾಗಿ ಮಚ್ಚೆ ಬಿದ್ದಿದ್ದರೆ, ಹಿಂದೆ ಯಾವುದೋ ಜೀನು ಅಲ್ಲಿ ಕಚ್ಚಿದ್ದ ಗುರುತು.

ಈಗ ಕೈ. ಎಡಗಡೆ ನಿಂತು, ಬೆನ್ನುಮೂಳೆಯಿಂದ ನಾಲ್ಕು ಬೆರಳು ಕೆಳಗೆ, ಬೆರಳಿನ ಮೆತ್ತನೆಯ ಭಾಗವನ್ನು ಊರಿ. ಉಗುರು ತಾಗಬಾರದು. ಹೆಗಲಿನಿಂದ ಸೊಂಟದವರೆಗೆ ಒಂದೇ ಸಮನಾದ ಒತ್ತಡದಲ್ಲಿ ನಿಧಾನವಾಗಿ ಎಳೆಯುತ್ತಾ ಬನ್ನಿ. ಆರೋಗ್ಯದ ಬೆನ್ನು ಸ್ವಲ್ಪ ಬಿಟ್ಟುಕೊಡುತ್ತದೆ, ಕುದುರೆ ಕಿವಿ ಸಡಿಲ ಬಿಟ್ಟು ನಿಂತಿರುತ್ತದೆ. ನೋವಿರುವ ಕಡೆ ಬೆರಳು ಬಂದಾಗ ಬೆನ್ನು ತಟ್ಟನೆ ಕೆಳಗೆ ತಗ್ಗುತ್ತದೆ. ಇಲ್ಲವಾದರೆ ಸ್ನಾಯು ಕಲ್ಲಿನಂತೆ ಬಿಗಿಯಾಗುತ್ತದೆ. ಕಿವಿ ಹಿಂದಕ್ಕೆ ಹೋಗುತ್ತದೆ, ಬಾಲ ಒಮ್ಮೆ ಬೀಸುತ್ತದೆ. ಕೆಲವು ಕುದುರೆಗಳು ಏನೂ ಮಾಡದೆ ಬರೀ ಉಸಿರು ಹಿಡಿಯುತ್ತವೆ. ಅದನ್ನು ಗಮನಿಸುವುದು ಕಷ್ಟ, ಆದರೆ ಒಂದೇ ಕುದುರೆಯನ್ನು ದಿನಾ ಮುಟ್ಟಿ ನೋಡಿಕೊಳ್ಳುವ ಆಳಿಗೆ, ಅಂದರೆ ಸೈಸನಿಗೆ, ಅದು ತಕ್ಷಣ ಗೊತ್ತಾಗುತ್ತದೆ. ಅವನನ್ನು ಕೇಳಿ. ಲಾಯದಲ್ಲಿ ಅವನ ಮಾತಿಗೆ ಸಿಗಬೇಕಾದ ಬೆಲೆ ಸಿಗುತ್ತಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ.

ಜೀನು ಎಲ್ಲಿಯವರೆಗೆ ಬರುತ್ತದೆ ಅನ್ನುವುದನ್ನೂ ನೋಡಬೇಕು. ಕುದುರೆಗೆ 18 ಜೊತೆ ಪಕ್ಕೆಲುಬು. ಕೊನೆಯ ಪಕ್ಕೆಲುಬಿನ ಹಿಂದೆ ಸೊಂಟದ ಭಾಗಕ್ಕೆ ಪಕ್ಕೆಲುಬಿನ ಆಸರೆ ಇಲ್ಲ. ಜೀನು ಅಲ್ಲಿಗೆ ಬರಬಾರದು. ಎತ್ತರದ, ದಪ್ಪನೆಯ ಸವಾರನಿಗೆ ದೊಡ್ಡ ಜೀನು ಬೇಕು, ಆದರೆ ಬೆನ್ನು ಗಿಡ್ಡವಾಗಿರುವ ಕುದುರೆಗೆ ದೊಡ್ಡ ಜೀನು ಹಿಡಿಸುವುದಿಲ್ಲ. ಚಿಕ್ಕ ಜೀನು ಹಾಕಿದರೆ ಸವಾರ ಹಿಂದಿನ ಅಂಚಿಗೆ ಸರಿದು ಕೂರುತ್ತಾನೆ, ಭಾರವೆಲ್ಲ ಒಂದೇ ಕಡೆ. ಇಂಥ ಕಡೆ ತೂಕದ ಲೆಕ್ಕ ಸರಿ ಬಂದರೂ ಜೋಡಿ ಸರಿ ಇಲ್ಲ. ಬೆನ್ನು ತಗ್ಗಿದ ಕುದುರೆಯ ಕಥೆ ಬೇರೆ. ಮಾಮೂಲಿ ಜೀನು ಅದಕ್ಕೆ ಮುಂದೆ ಮತ್ತು ಹಿಂದೆ ಮಾತ್ರ ತಾಗಿ, ನಡುವೆ ಸೇತುವೆ ಕಟ್ಟಿದ ಹಾಗೆ ಖಾಲಿ ಬಿಡುತ್ತದೆ.

ಕಾಲಿಗೆ ಬರೋಣ. ನಿಂತಿರುವಾಗಲೇ ಕುದುರೆಯ ತೂಕದ ಸುಮಾರು 60 ಪರ್ಸೆಂಟ್ ಮುಂಗಾಲುಗಳ ಮೇಲಿರುತ್ತದೆ. ರೇಸಿನಿಂದ ಬಂದ ಕುದುರೆಗಳ ಮುಂಗಾಲಿನ ಹಿಂಬದಿಯ ನರದಲ್ಲಿ ಹಳೆಯ ಪೆಟ್ಟು ಇರುವುದು ಸಾಮಾನ್ಯ. ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯನ್ನು ನಾವು ನರ ಅನ್ನುತ್ತೇವೆ, ಡಾಕ್ಟರು ಟೆಂಡನ್ ಅನ್ನುತ್ತಾರೆ. ದಿನಾ ಬೆಳಿಗ್ಗೆ ಎರಡೂ ಕಾಲು ಮುಟ್ಟಿ ನೋಡಿ, ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಆವತ್ತು ಸವಾರಿ ಬೇಡ. ಕೀಲು ಸವೆದ ಕುದುರೆ ಮೊದಲ ಹತ್ತು ನಿಮಿಷ ಬಿಗಿಯಾಗಿ ನಡೆದು ಆಮೇಲೆ ಸಲೀಸಾಗುತ್ತದೆ. ಸಲೀಸಾಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಕೂದಲು ಬೇಸಿಗೆಯಲ್ಲೂ ಉದುರದೆ ಉದ್ದವಾಗಿ ಗುಂಗುರಾಗಿ ಬೆಳೆಯುತ್ತಿದ್ದರೆ, ಜೊತೆಗೆ ಬೆನ್ನು ಸೊರಗಿ ಹೊಟ್ಟೆ ಜೋತಿದ್ದರೆ, ಅದು ಬರೀ ವಯಸ್ಸಲ್ಲ. ಕುಶಿಂಗ್ ಅನ್ನುವ ಕಾಯಿಲೆ ಇರಬಹುದು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಔಷಧಿ ಇದೆ.

ಭಾರ ಅನ್ನುವುದು ನಿಂತಾಗ ಒಂದು, ಓಡುವಾಗ ಇನ್ನೊಂದು. ನಡಿಗೆಯಲ್ಲಿ ಬೆನ್ನಿನ ಮೇಲೆ ಬೀಳುವ ಒತ್ತಡ ಹೆಚ್ಚುಕಡಿಮೆ ಸವಾರನ ತೂಕದಷ್ಟೇ. ಟ್ರಾಟಿನಲ್ಲಿ, ಅಂದರೆ ಕುಲುಕಾಡುವ ಮೆಲ್ಲೋಟದಲ್ಲಿ, ಪ್ರತಿ ಹೆಜ್ಜೆಗೂ ಅದು ಸುಮಾರು ಎರಡು ಪಟ್ಟಾಗುತ್ತದೆ. ಅದಕ್ಕಿಂತ ವೇಗದ ಓಟವಾದ ಕ್ಯಾಂಟರಿನಲ್ಲಿ ಇನ್ನೂ ಜಾಸ್ತಿ. 70 ಕೆಜಿಯವರು ಟ್ರಾಟಿನಲ್ಲಿ ದಪ್ ದಪ್ ಅಂತ ಕೂತರೆ ಆ ಬೆನ್ನಿಗೆ ಏನಾಗುತ್ತದೆ ಯೋಚಿಸಿ. ಜಾತ್ರೆಯಲ್ಲಿ ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡವರಿಗೆಲ್ಲ ಇದು ಗೊತ್ತು. ಸುಮ್ಮನೆ ಕೂತ ಮಗು ಹಗುರ, ಒದ್ದಾಡುವ ಮಗು ಭಾರ. ಅದಕ್ಕೇ ವಯಸ್ಸಾದ ಕುದುರೆಯನ್ನು ಹೊಸಬರಿಗೆ ಕೊಡುವ ಪದ್ಧತಿ ನನಗೆ ಅರ್ಧ ಒಪ್ಪಿಗೆ ಮಾತ್ರ. ಕುದುರೆ ಸಾಧು, ಸವಾರನಿಗೆ ಅಪಾಯ ಕಡಿಮೆ, ಸರಿ. ಆದರೆ ಸಮತೋಲ ಇಲ್ಲದ ಮೈಯ ಏಟೆಲ್ಲ ಬೀಳುವುದು ಅತಿ ಸೊರಗಿದ ಬೆನ್ನಿಗೆ. ಹಗುರವಾದ ಹೊಸಬರಿಗೆ ಕೊಡಿ, ನಡಿಗೆಯಲ್ಲಿ ಕಲಿಸಿ. ಹತ್ತಲು ಎತ್ತರದ ಕಟ್ಟೆ ಇರಲಿ. ನೆಲದಿಂದ ರಿಕಾಪು ಹಿಡಿದು ನೇತಾಡಿ ಹತ್ತಿದರೆ ಬೆನ್ನು ಒಂದೇ ಕಡೆಗೆ ತಿರುಚಿಕೊಳ್ಳುತ್ತದೆ.

ನಾನು ಇಟ್ಟುಕೊಂಡಿರುವ ಲೆಕ್ಕ ಹೇಳುತ್ತೇನೆ. ಇದು ನನ್ನ ಅಂದಾಜು, ನಿಯಮ ಅಲ್ಲ. 15 ದಾಟಿದ, ಆದರೆ ಬೆನ್ನು ತುಂಬಿಕೊಂಡು ಕಾಲು ಶುದ್ಧವಾಗಿರುವ ಕುದುರೆಗೆ ಜೀನು ಸೇರಿ 15 ಪರ್ಸೆಂಟ್. ಆಗಲೇ ಹೇಳಿದ 436 ಕೆಜಿಯ ಕುದುರೆಗೆ 65 ಕೆಜಿ ಆಯಿತು, ಸವಾರನಿಗೆ 52. ಬೆನ್ನು ಸೊರಗಿದ್ದರೆ 12ಕ್ಕೆ ಇಳಿಸುತ್ತೇನೆ. ಆಗ ಮಕ್ಕಳು ಮಾತ್ರ. ಕುಂಟು ಕಂಡರೆ ಸೊನ್ನೆ.

ಒಮ್ಮೆ ಮಗಳನ್ನು ಕರೆದುಕೊಂಡು ಬಂದ ತಂದೆಯೊಬ್ಬರು ಕೇಳಿದರು, "ಇಷ್ಟು ದೊಡ್ಡ ಕುದುರೆ ಸಾರ್, ನಾನು ಐದು ನಿಮಿಷ ಕೂತರೆ ಏನಾಗುತ್ತೆ? ಸಿನಿಮಾದಲ್ಲಿ ಇಬ್ಬಿಬ್ಬರು ಕೂರ್ತಾರಲ್ವಾ?" ಅವರ ಕೈ ಹಿಡಿದು ಕುದುರೆಯ ಬೆನ್ನ ಮೇಲೆ ಇಡಿಸಿದೆ. ಸೊಂಟದ ಹತ್ತಿರ ಬೆರಳು ಬಂದಾಗ ಬೆನ್ನು ನಡುಗಿ ತಗ್ಗಿತು. "ಬೇಡ ಬಿಡಿ ಸಾರ್" ಅಂದರು ಅವರೇ. ಮಗಳಿಗೆ ಬೇರೆ ಕುದುರೆ ಕೊಟ್ಟೆವು.

ಕಾನೂನು ಏನು ಹೇಳುತ್ತದೆ? ನಮ್ಮ ದೇಶದಲ್ಲಿ ಭಾರ ಎಳೆಯುವ, ಹೊರುವ ಪ್ರಾಣಿಗಳಿಗಾಗಿ 1965ರ ನಿಯಮಗಳಿವೆ. ಪೋನಿಯ ಮೇಲೆ ಹೇರಬಹುದಾದ ಗರಿಷ್ಠ ಭಾರ 70 ಕೆಜಿ, ಕತ್ತೆಗೆ 50, ಹೇಸರಗತ್ತೆಗೆ 200. ಪೋನಿ 220 ಕೆಜಿಯದ್ದಾಗಿದ್ದರೆ 70 ಅಂದರೆ 30 ಪರ್ಸೆಂಟ್ ದಾಟಿತು. ಊಟಿಯಲ್ಲೋ ಮಾಥೆರಾನಿನಲ್ಲೋ ಚಿಕ್ಕ ಕುದುರೆ ಹತ್ತುವ ಮುಂಚೆ ಇದನ್ನು ನೆನಪಿಡಿ. ಈ ಭಾರದ ಪಟ್ಟಿಯಲ್ಲಿ ವಯಸ್ಸಿನ ಮಾತಿಲ್ಲ. ಆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಸ್ಪಷ್ಟವಾಗಿದೆ. ವಯಸ್ಸು, ಕಾಯಿಲೆ, ಗಾಯದಿಂದಾಗಿ ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯಿಂದ ಕೆಲಸ ಮಾಡಿಸುವುದು ಅಪರಾಧ.

ಸವಾರಿ ಮುಗಿದ ಮೇಲೆ ಜೀನು ಇಳಿಸಿ ಬೆವರಿನ ಗುರುತು ನೋಡಿ. ಎಲ್ಲ ಕಡೆ ಸಮವಾಗಿ ಒದ್ದೆಯಾಗಿದ್ದರೆ ಸರಿ. ಒದ್ದೆಯ ನಡುವೆ ಅಂಗೈಯಗಲ ಒಣ ಜಾಗ ಇದ್ದರೆ ಅಲ್ಲಿ ಒತ್ತಡ ಜಾಸ್ತಿ ಬಿದ್ದಿರಬಹುದು. ದವಡೆಯ ಒಳಬದಿಯಲ್ಲಿ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ಆರಾಮಾಗಿರುವ ಕುದುರೆಗೆ ನಿಮಿಷಕ್ಕೆ 28ರಿಂದ 44. ಹಗುರ ಸವಾರಿಯಾಗಿ ಹತ್ತು ಹದಿನೈದು ನಿಮಿಷ ಕಳೆದರೂ 60ಕ್ಕಿಂತ ಕೆಳಗೆ ಇಳಿಯದಿದ್ದರೆ ಆವತ್ತಿನ ಕೆಲಸ ಅದಕ್ಕೆ ಹೆಚ್ಚಾಯಿತು. ರಾಯಚೂರು, ಕಲಬುರಗಿ ಕಡೆಯ ಬಿಸಿಲಿಗೆ ಇನ್ನೂ ಎಚ್ಚರ ಬೇಕು, ಬೆಳಗಿನ ಹೊತ್ತಿಗೇ ಮುಗಿಸಿಬಿಡಿ.

ಮತ್ತೆ ಮರುದಿನ ಬೆಳಿಗ್ಗೆ, ಹುಲ್ಲು ಹಾಕುವ ಮುಂಚೆ, ಅದೇ ನಾಲ್ಕು ಬೆರಳಿನ ಜಾಗದಲ್ಲಿ ಇನ್ನೊಮ್ಮೆ ಕೈ ಎಳೆದು ನೋಡಿ. ಸ್ನಾಯುವಿನ ನೋವು ಮರುದಿನವೇ ಚೆನ್ನಾಗಿ ತಿಳಿಯುವುದು. ನೋವಿದ್ದರೆ ಎರಡು ಮೂರು ದಿನ ಸವಾರಿ ಬೇಡ. ಲಗಾಮು ಹಿಡಿದು ಪಕ್ಕದಲ್ಲಿ ನಡೆಸಿ, ಅದಕ್ಕೂ ಓಡಾಟ ಬೇಕು. ಆಮೇಲೆ ಇನ್ನೂ ಹಗುರವಾದವರನ್ನು ಕೂರಿಸಿ, ಹೊತ್ತು ಅರ್ಧ ಮಾಡಿ, ಮತ್ತೆ ಮರುದಿನ ನೋಡಿ. ಆಗಲೂ ಬೆನ್ನು ತಗ್ಗಿದರೆ ಜೀನನ್ನು ಬೇರೆ ಕುದುರೆಗೆ ಹಾಕಿ. ಇದಕ್ಕೆ ದಿನಾ ಎರಡು ಹೊತ್ತು ಕೈ ಹಿಡಿದು ನಡೆಸುವವರು ಸಾಕು. ಸವಾರಿ ಕಲಿಯುವ ಮಕ್ಕಳಿಗೆ ಮೈ ಉಜ್ಜುವುದು, ಗೊರಸು ಶುಚಿ ಮಾಡುವುದು ಕಲಿಸಲು ಇಂಥ ಶಾಂತ ಕುದುರೆಗಿಂತ ಒಳ್ಳೆಯದು ಸಿಗುವುದಿಲ್ಲ.

ನಮಸ್ಕಾರ.