ಪೈನ್ ತೋಪಿನಲ್ಲಿ ಎತ್ತರದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಪೈನ್ ನೆಡುತೋಪಿನ ನೆಲಕ್ಕೆ ಎಷ್ಟು ಕಸುವಿದೆ ಎಂದು ತಿಳಿಯಲು ಏನನ್ನು ಅಳೆಯಬೇಕು? ಹೆಚ್ಚಿನವರು ಟೇಪು ಹಿಡಿದು ಕಾಂಡದ ಸುತ್ತಳತೆಗೆ ಹೋಗುತ್ತಾರೆ. ಆದರೆ ದಪ್ಪವನ್ನಷ್ಟೇ ನಂಬಿದರೆ ಮೋಸಹೋಗುತ್ತೇವೆ. ಸಸಿಗಳನ್ನು ದೂರ ದೂರ ನೆಟ್ಟರೆ ಬಡ ನೆಲದಲ್ಲೂ ಕಾಂಡ ದಪ್ಪವಾಗುತ್ತದೆ. ಒತ್ತಾಗಿ ನೆಟ್ಟರೆ ಒಳ್ಳೆಯ ನೆಲದಲ್ಲೂ ಸಣಕಲಾಗಿ ನಿಲ್ಲುತ್ತದೆ. ಎತ್ತರ ಹಾಗಲ್ಲ. ತೀರಾ ಒತ್ತು ಅಥವಾ ತೀರಾ ವಿರಳವಾದ ತೋಪುಗಳನ್ನು ಬಿಟ್ಟರೆ, ಸಾಲಿನ ಅಂತರದಿಂದ ಎತ್ತರ ಅಷ್ಟಾಗಿ ಬದಲಾಗುವುದಿಲ್ಲ.

ಹಾಗಾಗಿಯೇ ಅರಣ್ಯ ವಿಜ್ಞಾನದಲ್ಲಿ 'ಸೈಟ್ ಇಂಡೆಕ್ಸ್' ಬಂತು. ನಿಗದಿಯಾದ ವಯಸ್ಸಿನಲ್ಲಿ ತೋಪಿನ ಮೇಲುಗೈ ಮರಗಳು, ಅಂದರೆ ಉಳಿದವನ್ನು ಮೀರಿ ಬೆಳೆದವು, ಎಷ್ಟು ಮೀಟರ್ ಎತ್ತರವಿರುತ್ತವೆ ಎನ್ನುವುದೇ ಆ ಅಂಕಿ. ನ್ಯೂಜಿಲೆಂಡಿನ ರೇಡಿಯಾಟ ಪೈನ್‌ಗೆ ಆ ವಯಸ್ಸು 20 ವರ್ಷ. ಅಮೆರಿಕದ ದಕ್ಷಿಣದ ಲಾಬ್ಲಾಲಿ ಪೈನ್ ತೋಪುಗಳಿಗೆ ಸಾಮಾನ್ಯವಾಗಿ 25.

ಎಲ್ಲ ಮರಗಳ ಸರಾಸರಿ ಎತ್ತರ ತೆಗೆದರಾಗದೇ ಎಂದು ನೀವು ಕೇಳಬಹುದು. ಆಗದು. ತೋಪನ್ನು ತೆಳುಗೊಳಿಸುವಾಗ ಕುಳ್ಳ ಮರಗಳನ್ನು ಕಡಿಯುತ್ತೇವಲ್ಲ, ಒಂದು ಮರವೂ ಒಂದಂಗುಲ ಬೆಳೆಯದೆ ಸರಾಸರಿ ಆ ದಿನವೇ ಏರಿಬಿಡುತ್ತದೆ! ಅದಕ್ಕೇ ಹೆಕ್ಟೇರಿಗೆ ಅತಿ ದಪ್ಪನೆಯ 100 ಮರಗಳ ಎತ್ತರವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ರೂಢಿ ಹಲವೆಡೆ ಇದೆ.

ಎಳೆಯ ತೋಪಿನಲ್ಲಿ ಇನ್ನೊಂದು ಉಪಾಯವುಂಟು. ಕೆಲವು ಪೈನ್‌ಗಳು ಕಾಂಡದ ಸುತ್ತ ಒಂದೇ ಮಟ್ಟದಲ್ಲಿ, ವರ್ಷಕ್ಕೆ ಒಂದೇ ಸುತ್ತು ಕೊಂಬೆ ಬಿಡುತ್ತವೆ. ಎದೆಮಟ್ಟದಿಂದ ಮೇಲೆ ಸುತ್ತುಗಳ ನಡುವಿನ ಐದು ಅಂತರಗಳ ಒಟ್ಟು ಉದ್ದ ಅಳೆದರೆ ಐದು ವರ್ಷದ ಬೆಳವಣಿಗೆ ಸಿಕ್ಕಂತೆ. ರೇಡಿಯಾಟದಲ್ಲಿ ಇದು ನಡೆಯದು, ಅದು ಒಂದೇ ವರ್ಷದಲ್ಲಿ ಹಲವು ಸುತ್ತು ಬಿಡುತ್ತದೆ.

ಆದರೂ ಎತ್ತರ ಒಂದೇ ಸಾಕೆನ್ನಲು ನನಗೆ ಮನಸ್ಸಿಲ್ಲ. ಸಮಾನ ಎತ್ತರದ ಎರಡು ತೋಪುಗಳಲ್ಲಿ ಮರದ ಘನ ಅಳತೆ ಬೇರೆಬೇರೆ ಇರಬಹುದು. ನ್ಯೂಜಿಲೆಂಡಿನವರು ಇದಕ್ಕಾಗಿ '300 ಇಂಡೆಕ್ಸ್' ಎಂಬ ಎರಡನೆಯ ಅಂಕಿಯನ್ನು ಬಳಸುತ್ತಾರೆ: ಹೆಕ್ಟೇರಿಗೆ 300 ಮರಗಳಿರುವ ತೋಪು 30 ವರ್ಷ ತುಂಬುವಾಗ, ವರ್ಷಕ್ಕೆ ಸರಾಸರಿ ಎಷ್ಟು ಘನ ಮೀಟರ್ ಬೆಳೆದಿರುತ್ತದೆ ಎಂಬ ಲೆಕ್ಕ ಅದು.

ನೆಲದ ಕಸುವು ಶಾಶ್ವತವೂ ಅಲ್ಲ. ದಕ್ಷಿಣ ಆಸ್ಟ್ರೇಲಿಯದಲ್ಲಿ ರೇಡಿಯಾಟದ ಮೊದಲ ಬೆಳೆ ಕಡಿದು ಎರಡನೆಯದನ್ನು ನೆಟ್ಟಾಗ ಇಳುವರಿ ಕುಸಿದದ್ದು 1960ರ ದಶಕದಲ್ಲಿ ದೊಡ್ಡ ಸುದ್ದಿಯಾಯಿತು. ಕಡಿದುಳಿದ ಸೊಪ್ಪುಸದೆಗೆ ಬೆಂಕಿ ಹಾಕುವುದು ಅಲ್ಲಿನ ಪದ್ಧತಿಯಾಗಿತ್ತು. ಮರಳು ನೆಲದಲ್ಲಿದ್ದ ಅಷ್ಟಿಷ್ಟು ಸಾರಜನಕವೂ ಹೊಗೆಯಾಗಿ ಹೋಗುತ್ತಿತ್ತು. ಸದೆಯನ್ನು ಅಲ್ಲೇ ಹರಡಿ ಬಿಟ್ಟು, ಕಳೆ ಹತೋಟಿಗೆ ತಂದ ಮೇಲೆ ಬೆಳವಣಿಗೆ ಮತ್ತೆ ಚೇತರಿಸಿಕೊಂಡಿತು. ಹಿಂದಿನ ಬೆಳೆಯಲ್ಲಿ ಬರೆದಿಟ್ಟ ಸೈಟ್ ಇಂಡೆಕ್ಸನ್ನು ಹೊಸ ಬೆಳೆಗೆ ಹಾಗೆಯೇ ಇಳಿಸಿಕೊಳ್ಳಬಾರದು, ಮರಗಳನ್ನು ಹೊಸದಾಗಿ ಅಳೆಯಲೇಬೇಕು.

ನಮಸ್ಕಾರ.